ಆ ತಟ್ಟೆ ಕೊನೆಯ ಸಲ ತೊಳೆದದ್ದು ಯಾವಾಗ?

ಕಾಳಿನ ತಟ್ಟೆಗೆ ಹಕ್ಕಿಗಳು ಮುತ್ತಿಕೊಂಡಿರುವ ಫೋಟೊ ಯಾರೇ ಹಾಕಲಿ, ಕೆಳಗೆ ಸಾಲು ಸಾಲು ಹೃದಯಗಳು ಬೀಳುತ್ತವೆ. 'ನಿಮ್ಮಂಥವರಿಂದಲೇ ಹಕ್ಕಿಗಳು ಉಳಿದುಕೊಂಡಿವೆ' ಅಂತ ಒಬ್ಬರಾದರೂ ಬರೆದಿರುತ್ತಾರೆ. ನನ್ನ ತಕರಾರು ಆ ಒಂದು ಮಾತಿನ ಮೇಲೆ. ಕಾಳು ಹಾಕುವವರ ಮೇಲಲ್ಲ, ನಾನೂ ಹಾಕುತ್ತೇನೆ. ಆದರೆ ನಾವು ಕಾಳು ಹಾಕುವುದು ಬಹುಮಟ್ಟಿಗೆ ನಮ್ಮ ಖುಷಿಗೆ. ಬೆಳಿಗ್ಗೆ ಕಾಫಿ ಲೋಟ ಹಿಡಿದು ನಿಂತಾಗ ಕಿಟಕಿಯಾಚೆ ಒಂದಿಷ್ಟು ಗದ್ದಲ ಇರಲಿ ಅಂತ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಉಪಕಾರ ಮಾಡುತ್ತಿದ್ದೇವೆ ಅನ್ನುವ ಭ್ರಮೆ ಹತ್ತಿದಾಗ ಮಾತ್ರ ತೊಂದರೆ ಶುರು, ಯಾಕೆಂದರೆ ಉಪಕಾರ ಮಾಡುವವರು ಸಾಮಾನ್ಯವಾಗಿ ತಟ್ಟೆ ತೊಳೆಯುವುದಿಲ್ಲ.

ಉಪಯೋಗವೇ ಇಲ್ಲವೇ ಅಂದರೆ, ಇದೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಚಿಕಡೀ ಎಂಬ ಪುಟ್ಟ ಹಕ್ಕಿಯ ಮೇಲೆ ನಡೆಸಿದ ಅಧ್ಯಯನವೊಂದು 1988ರಲ್ಲಿ ಪ್ರಕಟವಾಯಿತು. ಕಾಳು ಸಿಕ್ಕ ಹಕ್ಕಿಗಳಲ್ಲಿ ಶೇ 69ರಷ್ಟು ಚಳಿಗಾಲ ದಾಟಿದ್ದವು, ಸಿಗದವುಗಳಲ್ಲಿ ಶೇ 37ರಷ್ಟು ಮಾತ್ರ. ದೊಡ್ಡ ಅಂತರವೇ. ಆದರೆ ಆ ಅಂತರ ಕಂಡದ್ದು ಹಿಮ ಕೊರೆಯುವ ತಿಂಗಳುಗಳಲ್ಲಿ. ಹವೆ ಹದವಾಗಿದ್ದಾಗ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಅದೇ ಸಂಶೋಧಕರು ಆಮೇಲೆ ಇನ್ನೊಂದು ಕೆಲಸ ಮಾಡಿದರು. 25 ವರ್ಷ ಕಾಳು ಸಿಗುತ್ತಿದ್ದ ಜಾಗದಲ್ಲಿ ಕಾಳು ಹಾಕುವುದನ್ನು ನಿಲ್ಲಿಸಿ ನೋಡಿದರು. ಅಲ್ಲಿನ ಚಿಕಡೀಗಳು, ಎಂದೂ ಕಾಳು ಕಾಣದ ಹಕ್ಕಿಗಳಷ್ಟೇ ಚೆನ್ನಾಗಿ ಬದುಕಿದವು. 'ನಾನು ಊರಿಗೆ ಹೋದರೆ ಪಾಪ ಅವಕ್ಕೆ ಯಾರು ಗತಿ' ಅಂತ ಪರಿತಪಿಸುವವರು ನಿಶ್ಚಿಂತೆಯಿಂದ ಹೋಗಿ ಬರಬಹುದು. 'ಕೂಳು ಹಾಕಿ ಹಾಕಿ ಸೋಮಾರಿ ಮಾಡಿಬಿಟ್ಟಿರಿ' ಅಂತ ಬೈಯುವವರೂ ಸ್ವಲ್ಪ ಸುಮ್ಮನಿರಬಹುದು.

ಮರಿಗಳ ಲೆಕ್ಕ ಇನ್ನೂ ಗೋಜಲು. ಬ್ಲೂ ಟಿಟ್ ಹಕ್ಕಿಗಳಿಗೆ ಉತ್ತರ ಐರ್ಲೆಂಡಿನಲ್ಲಿ ಚಳಿಗಾಲದ ಆಹಾರ ಕೊಟ್ಟು ನೋಡಿದಾಗ ಗೂಡಿನಿಂದ ಹಾರಿದ ಮರಿಗಳು ಹೆಚ್ಚಾದವು. ಅದೇ ಹಕ್ಕಿಗೆ ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ಚಳಿಗಾಲದುದ್ದಕ್ಕೂ ಕೊಬ್ಬಿನ ಉಂಡೆ ತಿನ್ನಿಸಿದಾಗ ಮುಂದಿನ ವಸಂತದಲ್ಲಿ ಮರಿಗಳು ಕಡಿಮೆಯಾದವು. ಯಾವುದು ಸರಿ? ಎರಡೂ. ಏನು ಕೊಟ್ಟೆವು, ಯಾವಾಗ ಕೊಟ್ಟೆವು ಅನ್ನುವುದರ ಮೇಲೆ ಫಲ ಹೀಗೆ ತಿರುಗಿ ಕೂರುತ್ತದೆ. ತಜ್ಞರೇ ಹಾಕಿದರೂ ಅಷ್ಟೆ. ನ್ಯೂಜಿಲೆಂಡಿನಲ್ಲಿ ಕಾಕಪೊ ಎಂಬ ಹಾರಲಾರದ ಗಿಳಿಯನ್ನು ಅಳಿವಿನಂಚಿನಿಂದ ಉಳಿಸಲು ಚೆನ್ನಾಗಿ ಮೇಯಿಸಿದರು. ಮೈತುಂಬಿಕೊಂಡ ಹೆಣ್ಣುಗಳು ಹೆಚ್ಚಾಗಿ ಗಂಡುಮರಿಗಳನ್ನೇ ಹಡೆದವು! ಆಮೇಲೆ ಒಂದೊಂದು ಹೆಣ್ಣಿನ ತೂಕ ನೋಡಿ ಅಳತೆ ಮಾಡಿ ಕೊಡಲು ಶುರುಮಾಡಿದರು. ನಾವೋ, ಡಬ್ಬದಲ್ಲಿ ಉಳಿದದ್ದನ್ನು ಸುರಿಯುವವರು.

ಇನ್ನು, ಕಾಳು ತಿನ್ನುವ ಹಕ್ಕಿಗಳಲ್ಲೂ ಬಹಳಷ್ಟು ತಮ್ಮ ಮರಿಗಳನ್ನು ಸಾಕುವುದು ಹುಳಹುಪ್ಪಟೆಯಿಂದ. ಗುಬ್ಬಿಯೂ ಹಾಗೆಯೇ. ಚಿಕಡೀ ಜೋಡಿಯೊಂದು ಒಂದು ಸಲದ ಮರಿಗಳನ್ನು ದೊಡ್ಡದು ಮಾಡಲು ಸಾವಿರಾರು ಕಂಬಳಿಹುಳ ಹೊತ್ತು ತರಬೇಕು. ಹಿತ್ತಲಿನ ಗಿಡಕ್ಕೆ ಒಂದು ಎಲೆ ತೂತಾದರೂ ಔಷಧಿ ಹೊಡೆದು, ಬಿದ್ದ ಒಣಎಲೆಯನ್ನೆಲ್ಲ ಗುಡಿಸಿ ಸುಟ್ಟು, ಕೊನೆಗೆ ಬಂದು ತಟ್ಟೆಗೆ ಕಾಳು ಹಾಕುವವರನ್ನು ಕಂಡರೆ ನನಗೆ ನಗು ಬರುತ್ತದೆ. ತೂತಾದ ಎಲೆಗಳನ್ನು ಹಾಗೇ ಬಿಟ್ಟರೆ ಅದು ತಟ್ಟೆಗಿಂತ ದೊಡ್ಡ ಊಟ.

ಈಗ ಗಲೀಜಿನ ವಿಷಯಕ್ಕೆ ಬರೋಣ. ಟ್ರೈಕೊಮೊನಾಸ್ ಎಂಬ ಪರೋಪಜೀವಿ ಹಕ್ಕಿಯ ಗಂಟಲಲ್ಲಿ ಬೆಳೆಯುತ್ತದೆ. ಪಾರಿವಾಳಗಳಲ್ಲಿ ಇದು ಹಳೆಯ ರೋಗ. ಗಂಟಲು ಊದಿದ ಹಕ್ಕಿ ಕಾಳು ಕಚ್ಚುತ್ತದೆ, ನುಂಗಲಾಗದೆ ಜೊಲ್ಲಿನ ಸಮೇತ ತಟ್ಟೆಗೇ ಬೀಳಿಸುತ್ತದೆ. ಒದ್ದೆಯಾದ ಆ ಕಾಳನ್ನು ಪಕ್ಕದಲ್ಲಿರುವ ಹಕ್ಕಿ ಹೆಕ್ಕುತ್ತದೆ. ಅಷ್ಟೇ ಸಾಕು. ಬ್ರಿಟನ್ನಿನ ಗ್ರೀನ್‌ಫಿಂಚ್ ಹಕ್ಕಿಗಳಲ್ಲಿ ಈ ರೋಗ 2005ರಲ್ಲಿ ಕಾಣಿಸಿಕೊಂಡಿತು. ಮನೆಮನೆಯ ತೋಟದಲ್ಲಿ ಕಾಣುತ್ತಿದ್ದ ಹಕ್ಕಿ ಅದು. 2021ರ ಹೊತ್ತಿಗೆ ಅಲ್ಲಿ ಅಪಾಯದಲ್ಲಿರುವ ಹಕ್ಕಿಗಳ ಕೆಂಪು ಪಟ್ಟಿ ಸೇರಿತು. ಅಮೆರಿಕದಲ್ಲಿ 1994ರಲ್ಲಿ ಹೌಸ್ ಫಿಂಚ್‌ಗಳಿಗೆ ಕಣ್ಣಿನ ರೋಗವೊಂದು ತಗುಲಿ ಪೂರ್ವ ಭಾಗದುದ್ದಕ್ಕೂ ಹರಡಿತು. ಕಾಳಿನ ಡಬ್ಬದ ಕಿಂಡಿಗೆ ಒಂದು ಹಕ್ಕಿ ಕಣ್ಣು ತಾಗಿಸಿ ಹೋದರೆ ಮುಂದೆ ಬಂದದ್ದಕ್ಕೆ ರೋಗ ಸಿದ್ಧ.

ಕಾಯಿಲೆಯ ಹಕ್ಕಿ ಹೇಗಿರುತ್ತದೆ ಅಂತ ಒಮ್ಮೆ ಹತ್ತಿರದಿಂದ ನೋಡಿದರೆ ಮರೆಯುವುದಿಲ್ಲ. ಗರಿ ಕೆದರಿಕೊಂಡು ಚೆಂಡಿನಂತೆ ಕೂತಿರುತ್ತದೆ. ಕಣ್ಣು ಅರ್ಧ ಮುಚ್ಚಿರುತ್ತದೆ, ಕೊಕ್ಕಿನ ಸುತ್ತ ಒದ್ದೆ, ಅದಕ್ಕೆ ಅಂಟಿದ ಹೊಟ್ಟು. ಮಿಕ್ಕವೆಲ್ಲ ಪುರ್ರನೆ ಹಾರಿದರೂ ಇದು ಕದಲುವುದಿಲ್ಲ, ಗೇಣು ದೂರದವರೆಗೆ ಹೋಗಬಹುದು. ಇಂಥ ಹಕ್ಕಿಯ ಫೋಟೊ ಹಾಕಿ 'ನನ್ನನ್ನು ಎಷ್ಟು ನಂಬುತ್ತದೆ ನೋಡಿ' ಅಂತ ಬರೆದದ್ದನ್ನೂ ಓದಿದ್ದೇನೆ. ನಂಬಿಕೆಯಲ್ಲ ಮಾರಾಯರೇ, ಅದಕ್ಕೆ ಹಾರುವ ತ್ರಾಣವಿಲ್ಲ.

ತಟ್ಟೆಗೆ ಬರುವವು ಯಾರು ಅನ್ನುವುದೂ ಇದೆ. ಆಕ್ಲೆಂಡ್‌ನಲ್ಲಿ ಬ್ರೆಡ್ಡು, ಬೀಜ ಹಾಕಿ ನೋಡಿದ ಪ್ರಯೋಗದಲ್ಲಿ ಹೆಚ್ಚಾದದ್ದು ಹೊರಗಿನಿಂದ ಬಂದು ನೆಲೆಸಿದ ಗುಬ್ಬಿ, ಚುಕ್ಕೆ ಪಾರಿವಾಳಗಳು. ಹುಳ ತಿಂದು ಬದುಕುವ ಅಲ್ಲಿನ ಮೂಲ ಹಕ್ಕಿ ಗ್ರೇ ವಾರ್ಬ್ಲರ್ ಕಡಿಮೆಯಾಯಿತು. ತಟ್ಟೆಗೆ ಮೊದಲು ನುಗ್ಗುವುದು ಹೇಗಿದ್ದರೂ ಬದುಕಿಕೊಳ್ಳುವ ಗಟ್ಟಿ ಪಿಂಡಗಳು. ನಿಜವಾಗಿ ಕಷ್ಟದಲ್ಲಿರುವ ಹಕ್ಕಿಗೆ ಬೇಕಾದದ್ದು ಪೊದೆ, ಜೌಗು, ಹುಲ್ಲುಗಾವಲು. ಅದನ್ನು ತಟ್ಟೆಯಲ್ಲಿ ಬಡಿಸಲಾಗುವುದಿಲ್ಲ. ಹಾಗಂತ ಎಲ್ಲವೂ ಕತ್ತಲೆಯೇನಲ್ಲ. ಬ್ರಿಟನ್ನಿನಲ್ಲಿ ಎಪ್ಪತ್ತರ ದಶಕದಲ್ಲಿ ಕೆಲವೇ ಮನೆಗಳ ಕಾಳಿಗೆ ಬರುತ್ತಿದ್ದ ಗೋಲ್ಡ್‌ಫಿಂಚ್ ಈಗ ಹೆಚ್ಚಿನ ಮನೆಗಳಿಗೆ ಬರುತ್ತದೆ.

ನಿಲ್ಲಿಸಬೇಕಾ ಅಂತ ಕೇಳಿದರೆ, ತೊಳೆಯುವ ವ್ಯವಧಾನ ಇಲ್ಲದಿದ್ದರೆ ನಿಲ್ಲಿಸಿ. ಇದ್ದರೆ ಹಾಕಿ, ಅಂದಿನದು ಅಂದೇ ಖಾಲಿಯಾಗುವಷ್ಟು. ಬೂಷ್ಟು ಹಿಡಿದ ಕಡಲೆಬೀಜ, ಉಪ್ಪು ಹಾಕಿದ ತಿಂಡಿ ಬೇಡ. ಚಪ್ಪಟೆ ತಟ್ಟೆಯಲ್ಲಿ ಹಿಕ್ಕೆ, ಹೊಟ್ಟು, ಜೊಲ್ಲು ಎಲ್ಲ ಕಲೆಸಿಹೋಗುತ್ತದೆ. ತೂಗುಹಾಕುವ ಕೊಳವೆ ವಾಸಿ, ಅದನ್ನೂ ವಾರಕ್ಕೊಮ್ಮೆ ಉಜ್ಜಿ, ಪೂರ್ತಿ ಒಣಗಿಸಿ ತುಂಬಿಸಿ. ಕಿಟಕಿಯ ಗಾಜಿಗೆ ತೀರಾ ಹತ್ತಿರ, ಒಂದು ಮೀಟರಿಗಿಂತ ಕಡಿಮೆ ದೂರದಲ್ಲಿಡಿ, ಇಲ್ಲವೇ ದೂರ, ಹತ್ತು ಮೀಟರ್ ಆಚೆಗಿಡಿ. ನಡುವಿನ ದೂರದಲ್ಲಿಟ್ಟರೆ ಬೆದರಿದ ಹಕ್ಕಿ ವೇಗವಾಗಿ ಬಂದು ಗಾಜಿಗೆ ಬಡಿಯುತ್ತದೆ. ನೀರಿನ ಬೋಗುಣಿಗೆ ದಿನಾ ಹೊಸ ನೀರು. ಕಾಯಿಲೆಯ ಹಕ್ಕಿ ಕಂಡ ದಿನವೇ ಎಲ್ಲ ತೆಗೆದಿಟ್ಟು ಕೆಲವು ವಾರ ಬಿಡಿ. ಪಕ್ಕದ ಮನೆಯವರಿಗೂ ಹೇಳಿ, ಇಲ್ಲದಿದ್ದರೆ ನಿಮ್ಮಲ್ಲಿ ಕಾಳು ಸಿಗದ ಹಕ್ಕಿಗಳು ನೇರ ಅವರ ತಟ್ಟೆಗೇ ಹೋಗಿ ಕೂರುತ್ತವೆ.