ನಲವತ್ತೊಂದು ಬಂತಲ್ಲ, ಇನ್ನೇನು ಬೇಕು?

ನಿನ್ನೆ ತುಮಕೂರಿನ ಬಟವಾಡಿಯಲ್ಲಿ ಗೃಹಪ್ರವೇಶದ ಊಟ. ಹೋಳಿಗೆ ಬಡಿಸುವ ಹೊತ್ತಿಗೆ ನನ್ನ ತಂಗಿ ಮಗಳ ಮಾರ್ಕ್ಸ್ ವಿಷಯ ಬಂತು. ಎಂಜಿನಿಯರಿಂಗ್, ಇಸಿ (ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಶನ್) ಓದುತ್ತಿದ್ದಾಳೆ. ಮೊದಲ ಸೆಮಿಸ್ಟರ್ ಮ್ಯಾಥ್ಸ್‌ನಲ್ಲಿ (ಅದೇ ಎಂ1) ನೂರಕ್ಕೆ 41. ಪಿ ಗ್ರೇಡ್, ಪಾಸಾದವರಿಗೆ ಸಿಗೋ ಕಟ್ಟಕಡೆಯದು. "ಜೂನಿಯರ್ಸ್ ಜೊತೆ ಕೂತು ಎಂ1 ಮತ್ತೆ ಕೇಳ್ತೀನಿ" ಅಂದಳು ಅಷ್ಟೇ. ಸಾಲಿಗೆ ಸಾಲೇ ನಕ್ಕಿತು. "ಪಾಸಾಗಿದ್ದೀಯಲ್ಲಮ್ಮ, ತಲೆ ಕೆಟ್ಟಿದೆಯಾ?" ಅಂದರು ನಮ್ಮ ಚಿಕ್ಕಪ್ಪ. ಪಕ್ಕದವರು "ಫೇಲಾಗಿ ಬ್ಯಾಕ್ ಉಳಿದಿಲ್ವಲ್ಲ, ದೇವರು ದೊಡ್ಡವನು" ಅಂದರು. ನಾನು ಸುಮ್ನೆ ಎಲೆ ಮಡಚಿ ಎದ್ದೆ. ಅಲ್ಲಿ ನುಂಗಿಕೊಂಡಿದ್ದನ್ನ ಇಲ್ಲಿ ಕಕ್ಕುತ್ತಿದ್ದೇನೆ.

ಪಾಸು ಅಂದರೇನು ಗೊತ್ತಾ? ನಮ್ಮ ಕಡೆ ಎಂಜಿನಿಯರಿಂಗ್ ಪೇಪರಿನಲ್ಲಿ ಐದು ಮಾಡ್ಯೂಲ್ (ಪಾಠದ ಭಾಗ), ಒಂದೊಂದಕ್ಕೆ 20 ಅಂಕ. ಎರಡು ಮಾಡ್ಯೂಲ್ ಉರು ಹೊಡೆದರೆ 40ರ ಹತ್ತಿರ ಬಂತು. ಪರೀಕ್ಷೆಯ ಪೇಪರಿನಲ್ಲಿ 35 ಸಾಕು, ಇಂಟರ್ನಲ್ಸ್ ಸೇರಿ ಒಟ್ಟು 40 ಆದರೆ ಪಾಸು. ಉಳಿದ ಮೂರು ಮಾಡ್ಯೂಲ್ ಕಣ್ಣೆತ್ತಿ ನೋಡದಿದ್ದರೂ ಮಾರ್ಕ್ಸ್ ಕಾರ್ಡ್ ತುಟಿ ಬಿಚ್ಚಲ್ಲ. ನಮ್ಮ ಹುಡುಗಿ ಮಾಡಿದ್ದೂ ಇದನ್ನೇ. ಅವಳೇ ಹೇಳಿದಳು, ಮುಚ್ಚುಮರೆ ಇಲ್ಲದೆ.

ಉರು ಹೊಡೆದಿದ್ದಾದರೂ ಗಟ್ಟಿ ಇದೆಯಾ ನೋಡೋಣ ಅಂತ ಸೈನ್ ಎಕ್ಸ್‌ನ ಮೆಕ್ಲಾರಿನ್ ಸೀರೀಸ್, ಅಂದರೆ ಅದನ್ನ ಎಕ್ಸ್, ಎಕ್ಸ್ ಕ್ಯೂಬ್ ಇಂಥವುಗಳ ಮೊತ್ತವಾಗಿ ಬಿಡಿಸೋದು, ಬರಿ ಅಂದೆ. ನಿಮಗೆ ಗೊತ್ತಲ್ಲ, ಕೈಯಲ್ಲಿ ಚಾಕ್‌ಪೀಸ್ ಇಲ್ಲದಿದ್ದರೂ ನನ್ನ ಮೇಷ್ಟ್ರು ಬುದ್ಧಿ ಬಿಡಲ್ಲ. ಎಕ್ಸ್ ಮೈನಸ್ ಎಕ್ಸ್ ಕ್ಯೂಬ್ ಬೈ ಆರು, ಚಕಚಕ ಬರೆದಳು. "ಆ ಆರು ಎಲ್ಲಿಂದ ಬಂತು?" ಅಂದೆ. "ತ್ರೀ ಫ್ಯಾಕ್ಟೋರಿಯಲ್ ಮಾವ, ಮೂರು ಇಂಟು ಎರಡು ಇಂಟು ಒಂದು." "ಅದು ಯಾಕೆ ಬಂತು?" ಪೆನ್ನು ನಿಂತಿತು. ಎಕ್ಸ್ ಕ್ಯೂಬನ್ನ ಮೂರು ಸಲ ಡಿಫರೆನ್ಷಿಯೇಟ್ ಮಾಡು ಅಂದೆ. ಮೂರು ಎಕ್ಸ್ ಸ್ಕ್ವೇರ್, ಆರು ಎಕ್ಸ್, ಆರು. ಸೈನನ್ನ ಮೂರು ಸಲ ಮಾಡಿ ಎಕ್ಸ್ ಜಾಗದಲ್ಲಿ ಸೊನ್ನೆ ಹಾಕಿದರೆ ಮೈನಸ್ ಒಂದು. ಎರಡೂ ಸರಿ ಹೋಗಬೇಕು ಅಂದರೆ ಆ ಆರರಿಂದ ಭಾಗಿಸಲೇಬೇಕು. ಅವಳು ಹಾಳೆಯನ್ನೇ ನೋಡುತ್ತಾ ಕೂತಳು. ಆಮೇಲೆ "ಇದನ್ನ ಕ್ಲಾಸಲ್ಲಿ ಹೇಳಿದ್ರು ಅನ್ಸುತ್ತೆ, ನಾನು ಬರೆದುಕೊಳ್ಳೋದ್ರಲ್ಲೇ ಇದ್ದೆ" ಅಂದಳು.

ಈ ಹುಡುಗಿಗೆ ಮುಂದೆ ಫೋರಿಯರ್ ಸೀರೀಸ್ ಇದೆ, ಅದೂ ಸೈನ್, ಕೊಸೈನ್‌ಗಳ ಮೊತ್ತವೇ. ಅದಾದ ಮೇಲೆ ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್. ಪಾಯ ಹಾಕದೆ ಎರಡನೇ ಮಹಡಿಗೆ ಮೋಲ್ಡ್ ಹಾಕಿ ಅಂತೀರಾ? ನಿನ್ನೆ ಊಟ ಹಾಕಿಸಿದ ಮನೆಯವರನ್ನೇ ಕೇಳಿ.

ತಮಾಷೆ ಏನಂದ್ರೆ, ಅವಳು ಕಾಲೇಜಿನ ಆಫೀಸಿಗೂ ಹೋಗಿ ವಿಚಾರಿಸಿದ್ದಾಳೆ. ಪಾಸಾದವರಿಗೆ ಮತ್ತೆ ರಿಜಿಸ್ಟರ್ ಮಾಡೋ ಅವಕಾಶ ಇಲ್ಲವಂತೆ. ಫೇಲಾಗಿದ್ದರೆ ಕೊಡ್ತಿದ್ದೆವು ಅಂದರಂತೆ! ಅಂದರೆ 34 ತೆಗೆದವನಿಗೆ ಕಲಿಯೋಕೆ ಇನ್ನೊಂದು ದಾರಿ, 41 ತೆಗೆದವಳಿಗೆ ನಮಸ್ಕಾರ, ಹೋಗಿ ಬನ್ನಿ. ಎಂಥಾ ನ್ಯಾಯ ಸ್ವಾಮಿ ಇದು? ಪುಣ್ಯಕ್ಕೆ ಎಂ1 ತಗೊಳ್ಳೋ ಮೇಡಂ "ಹಿಂದಿನ ಬೆಂಚಲ್ಲಿ ಬಂದು ಕೂತ್ಕೋ, ಅಟೆಂಡೆನ್ಸ್ ಮಾತ್ರ ಕೇಳಬೇಡ" ಅಂದಿದ್ದಾರೆ.

ಚಿಕ್ಕಪ್ಪನ ವಾದವೂ ಇದೆ, ಕೇಳಿ. ಗ್ರೇಡ್ ಬದಲಾಗಲ್ಲ, ಪಿ ಅಂದರೆ 4 ಪಾಯಿಂಟ್, ಅದು 4 ಆಗೇ ಇರುತ್ತೆ. ಆ ಟೈಮಲ್ಲಿ ಈ ಸೆಮಿಸ್ಟರ್ ಓದಿಕೊಂಡರೆ ಸಿಜಿಪಿಎ (ಎಲ್ಲ ಸೆಮಿಸ್ಟರಿನ ಸರಾಸರಿ ಪಾಯಿಂಟ್) ಆದರೂ ಏರುತ್ತೆ. ಲೆಕ್ಕ ಸರಿಯೇ. ಆದರೆ ಈ ಸೆಮಿಸ್ಟರ್ ಓದೋದು ಯಾವುದರ ಮೇಲೆ ನಿಂತಿದೆ ಚಿಕ್ಕಪ್ಪ? ಎಂ1 ಬರದೆ ಮೂರನೇ ಸೆಮಿಸ್ಟರಿನ ಎಂ3ನಲ್ಲಿ ಕಡಿದು ಹಾಕ್ತಾಳಾ? ಅಲ್ಲೂ ಎರಡು ಮಾಡ್ಯೂಲ್ ಉರು, ಇನ್ನೊಂದು ಪಿ, ಇನ್ನೊಂದು ಹೋಳಿಗೆ ಊಟ.

ನಿಜ ಹೇಳ್ಲಾ? ನನಗೆ ಅವಳ ಮೇಲೆ ಸ್ವಲ್ಪ ಹೊಟ್ಟೆಕಿಚ್ಚು. ಹದಿನೆಂಟರಲ್ಲಿ ನನಗೆ ಪಾಸಾದ ಖುಷಿಗಿಂತ ದೊಡ್ಡ ಖುಷಿ ಗೊತ್ತಿರಲಿಲ್ಲ.

ಸೋಮವಾರದಿಂದ ಅವಳು ಜೂನಿಯರ್ಸ್ ಕ್ಲಾಸಿಗೆ ಹೋಗ್ತಾಳೆ. ಬುಧವಾರ ಮಾತ್ರ ಅವಳ ಲ್ಯಾಬ್ ಅದೇ ಹೊತ್ತಿಗೆ ಬೀಳುತ್ತೆ. ತುಮಕೂರಿನಲ್ಲಿ ನಿಮ್ಮ ಮಕ್ಕಳು ಯಾರಾದರೂ ಮೊದಲ ಸೆಮಿಸ್ಟರಿನಲ್ಲಿದ್ದರೆ ಹೇಳಿ, ಆ ದಿನದ ನೋಟ್ಸ್ ಬೇಕು. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ನನ್ನ ಲೆಕ್ಕ.