ಲಗ್ನ ಆತು, ಮುಂದ?

ಏಪ್ರಿಲ್ ತಿಂಗಳು ಬಂತೆಂದರೆ ನನಗೆ ಮಾಳಿಗೆಯ ಮೇಲೆ ಕೆಲಸ. ವೈನಿ, ಅವ್ವ, ಬಾಜೂ ಮನೆಯ ಕಾಕೂ ಮೂವರೂ ಮಾಳಿಗೆಯ ಕೋಣೆಯ ನೆರಳಿನಲ್ಲಿ ಕೂತು ಹಪ್ಪಳ ಲಟ್ಟಿಸುತ್ತಾರೆ. ಲಟ್ಟಿಸಿದ್ದನ್ನು ಹೊರಗೆ ಹಳೆ ಸೀರೆಯ ಮೇಲೆ ಹರವುವುದು ಮತ್ತು ಕಾಗೆ ಓಡಿಸುವುದು ನನ್ನ ಪಾಲು. ನಿವೃತ್ತ ಗುಮಾಸ್ತನನ್ನು ನಂಬಿ ಮನೆಯವರು ಒಪ್ಪಿಸುವ ಕೆಲಸ ಇಷ್ಟೇ. ಧಾರವಾಡದ ಮಾಳಮಡ್ಡಿಯ ಕಾಗೆಗಳಿಗೂ ನನಗೂ ಈಗ ಒಳ್ಳೆಯ ಪರಿಚಯ.

ಕೈಗೆ ಕೆಲಸ, ಕಿವಿಗೆ ರಜೆ. ಆ ಕಿವಿಗೆ ಏನಾದರೂ ಬೇಕಲ್ಲ? ಮೊದಲು ಓಣಿಯ ಸುದ್ದಿ ಸಾಕಾಗುತ್ತಿತ್ತು. ಈ ವರ್ಷ ಅಣ್ಣನ ಮಗಳು ಇಂಗ್ಲಿಷ್ ಎಂ.ಎ. ಪರೀಕ್ಷೆಗೆ ಓದುತ್ತಿದ್ದಳು. ಓದಿದ್ದನ್ನು ಯಾರಿಗಾದರೂ ಹೇಳಿದರೆ ನೆನಪಿರುತ್ತದೆ ಅಂತ ಯಾರೋ ಹೇಳಿದ್ದರಂತೆ. ಹೀಗಾಗಿ 1813ರಲ್ಲಿ ಅಚ್ಚಾದ ಜೇನ್ ಆಸ್ಟೆನ್ ಕಾದಂಬರಿ 'ಪ್ರೈಡ್ ಅಂಡ್ ಪ್ರೆಜುಡೀಸ್' ನಮ್ಮ ಮಾಳಿಗೆಗೆ ಬಂತು. ಅದೂ ಧಾರವಾಡದ ಕನ್ನಡದಲ್ಲಿ.

"ಐದು ಹೆಣ್ಣಮಕ್ಕಳು. ಗಂಡಸಮಗ ಇಲ್ಲ. ಅಪ್ಪ ಹ್ವಾದ ಮ್ಯಾಲ ಮನಿ, ಹೊಲ ಎಲ್ಲಾ ದಾಯಾದಿಗೆ ಹೋಗ್ತದ" ಎಂದು ಹುಡುಗಿ ಶುರು ಮಾಡಿದಳು. ಅಷ್ಟಕ್ಕೇ ಅವ್ವ ಲಟ್ಟಣಿಗೆ ಕೆಳಗಿಟ್ಟಳು. "ಅಯ್ಯ, ಪಾಪ" ಅಂದಳು. ಅಲ್ಲಿಯ ಆಸ್ತಿ ಕಾನೂನು ವಿವರಿಸಲು ಕಾಲೇಜಿನಲ್ಲಿ ಒಂದು ಪೂರ್ತಿ ತಾಸು ಬೇಕಾಗಿತ್ತಂತೆ. ನಮ್ಮವ್ವನಿಗೆ 'ದಾಯಾದಿ' ಅನ್ನುವ ಒಂದೇ ಶಬ್ದ ಸಾಕಾಯಿತು.

ಆ ದಾಯಾದಿ ಬಂದು ಎರಡನೆಯ ಮಗಳು ಎಲಿಜಬೆತ್‌ಳನ್ನು ಲಗ್ನ ಆಗುತ್ತೀಯಾ ಅಂತ ಕೇಳುತ್ತಾನೆ. ಅವಳು ಒಲ್ಲೆ ಅನ್ನುತ್ತಾಳೆ. ಓದುಗರೆಲ್ಲ ಇನ್ನೂರು ವರ್ಷದಿಂದ ಅವಳ ಧೈರ್ಯ ಹೊಗಳಿದ್ದಾರೆ. ಅವ್ವನೂ ಹೊಗಳಿದಳು. ಆದರೆ ಅವಳ ಕಾರಣ ಬೇರೆ. "ದಾಯಾದಿ ಅಂದ್ರ ಅಣ್ಣತಮ್ಮ ಆದಂಗಲ್ಲೇ! ಒಲ್ಲೆ ಅಂದದ್ದು ಛಲೋ ಮಾಡಿದ್ಲು." ಇನ್ನು ನಾಯಕ ಡಾರ್ಸಿಯ ದೊಡ್ಡವ್ವ ತನ್ನ ಮಗಳನ್ನೇ ಅವನಿಗೆ ಕೊಡಬೇಕು ಅಂತ ಹಟ ಹಿಡಿದದ್ದು ಕೇಳಿ ಮೂವರೂ ಹೌಹಾರಿದರು. ಅವ್ವನ ಅಕ್ಕನ ಮಗಳು ತಂಗಿ ಆಗಬೇಕಲ್ಲ! ಆ ಹೆಂಗಸನ್ನು ಜಂಬದವಳು ಅಂತ ಆಸ್ಟೆನ್ ಚಿತ್ರಿಸಿದ್ದಾಳೆ. ನಮ್ಮ ಮಾಳಿಗೆಯ ಮೇಲೆ ಆಕೆ ಅದಕ್ಕಿಂತ ದೊಡ್ಡ ಅಪರಾಧಿ.

ಡಾರ್ಸಿಗೆ ವರ್ಷಕ್ಕೆ ಹತ್ತು ಸಾವಿರ ಪೌಂಡ್ ವರಮಾನ ಅಂದಾಗ ಕಾಕೂ ಮುಖ ಸಣ್ಣದು ಮಾಡಿದರು. "ವರ್ಷಕ್ಕೇನವಾ? ಅದೂ ಇಷ್ಟ ದೊಡ್ಡ ವಾಡೇಕ್ಕ?" ಹುಡುಗಿ ಆ ಕಾಲದ ಬೆಲೆ, ಈ ಕಾಲದ ಬೆಲೆ ಅಂತ ಬಿಡಿಸಿ ಹೇಳಿದ ಮೇಲೆ ಸಂಬಂಧ ಮಂಜೂರಾಯಿತು.

ಏಳು ದಿನಕ್ಕೆ ಕಥೆ ಮುಗಿಯಿತು, ಲಗ್ನವೂ ಆಯಿತು. ಹಿಟ್ಟು ಮಾತ್ರ ಇನ್ನೂ ಉಳಿದಿತ್ತು. ಕಾಕೂ ಕೇಳಿದರು, "ಮುಂದ?"

ಈ 'ಮುಂದ?' ಅನ್ನುವುದು ಬಹಳ ಹಳೆಯ ರೋಗ. ನಾವು ಕಾದಂಬರಿ ಅನ್ನುತ್ತೇವಲ್ಲ, ಆ ಹೆಸರು ಬಂದದ್ದೇ ಬಾಣನ ಸಂಸ್ಕೃತ ಕಥೆಯಿಂದ. ಏಳನೆಯ ಶತಮಾನದ ಆ ಪ್ರೇಮಕಥೆಯ ನಾಯಕಿ ಕಾದಂಬರಿ. ಅದನ್ನು ನಾಗವರ್ಮ ಕನ್ನಡಕ್ಕೆ ತಂದ. ಆದರೆ ಬಾಣ ಅದನ್ನು ಮುಗಿಸಲೇ ಇಲ್ಲ, ನಡುವೆ ತೀರಿಹೋದ. ಉಳಿದದ್ದನ್ನು ಬರೆದವನು ಅವನ ಮಗ. ಕವಿ ಅನ್ನುವ ಅಹಂಕಾರದಿಂದ ಬರೆಯುತ್ತಿಲ್ಲ, ಕಥೆ ಅರ್ಧಕ್ಕೇ ನಿಂತಿತಲ್ಲ ಅಂತ ಸಜ್ಜನರು ಪಡುವ ದುಃಖ ನೋಡಲಾರದೆ ಬರೆಯುತ್ತಿದ್ದೇನೆ ಅಂತ ಅವನು ಮೊದಲಿಗೇ ಹೇಳಿಕೊಳ್ಳುತ್ತಾನೆ. ಕಾಕೂ ತರಹದವರು ಆಗಲೂ ಇದ್ದರು ಅಂತ ಆಯಿತು. ಅಂದರೆ ನಮ್ಮಲ್ಲಿ ಕಾದಂಬರಿ ಅನ್ನುವ ಹೆಸರಿನ ಬುಡದಲ್ಲೇ ಎರಡನೆಯವನ ಕೈ ಸೇರಿದೆ. ಮುಂದಿನ ಭಾಗ ಬರೆಯುವವರನ್ನು ಬೈಯುವಾಗ ನಾನು ಇದನ್ನು ನೆನಪಿಸಿಕೊಂಡು ಸ್ವಲ್ಪ ದನಿ ತಗ್ಗಿಸುತ್ತೇನೆ.

ಅವ್ವನಿಗೆ ಮಾತ್ರ ಈ ರೋಗ ಇಲ್ಲ. ಅವಳ ತವರು ಗದಗ. ಅಲ್ಲಿಯ ವೀರನಾರಾಯಣ ಗುಡಿಯ ಕಂಬಕ್ಕೆ ಒರಗಿ, ಒದ್ದೆ ಬಟ್ಟೆ ಆರುವ ತನಕ ಮಾತ್ರ ಕುಮಾರವ್ಯಾಸ ಪದ್ಯ ಹೇಳುತ್ತಿದ್ದನಂತೆ ಎಂಬ ಕಥೆಯನ್ನು ಅವಳು ನಮಗೆ ನೂರು ಸಲ ಹೇಳಿದ್ದಾಳೆ. ಅವನು ಭಾರತವನ್ನು ಹತ್ತು ಪರ್ವಕ್ಕೆ, ಗದಾಪರ್ವಕ್ಕೆ ನಿಲ್ಲಿಸಿಬಿಟ್ಟ. ಉಳಿದದ್ದನ್ನು ಮುಂದೆ ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಬರೆದ, ಅದಕ್ಕೆ ರಾಯನ ಹೆಸರೇ ಬಂತು. ಅವ್ವನ ಅಪ್ಪ ರಾತ್ರಿ ಭಾರತ ಓದುತ್ತಿದ್ದರು. ತಿಮ್ಮಣ್ಣನದು ಓದುತ್ತಿದ್ದರೇನು ಅಂತ ನಾನು ಕೇಳಿದೆ.

"ಇಲ್ಲಪಾ. ದುರ್ಯೋಧನ ಬಿದ್ದ ಮ್ಯಾಲ ಪುಸ್ತಕ ಕಟ್ಟಿ ಇಡೋದು."

"ಮುಂದ?"

"ಮುಂದೇನು, ಎಲ್ಲಾರೂ ಅಳ್ತಾರ, ಆಮ್ಯಾಲ ಸಾಯ್ತಾರ. ಅದನ್ನ ಓದಿ ಏನ ಮಾಡೂದು?"

ಪಾಪ ತಿಮ್ಮಣ್ಣ. ಕೆಟ್ಟದಾಗಿ ಬರೆದವನಲ್ಲ. ಆದರೆ ಗದುಗಿನ ಭಾರತ ಬಾಯಲ್ಲಿ ಉಳಿದಿದೆ, ಅವನದು ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲಿ ಉಳಿದಿದೆ.

ಎಂಟನೆಯ ದಿನ ಹುಡುಗಿ ಹೊಸ ಪುಸ್ತಕ ಹಿಡಿದು ಬಂದಳು. ಪಿ. ಡಿ. ಜೇಮ್ಸ್ ಎಂಬ ಪತ್ತೇದಾರಿ ಕಾದಂಬರಿಗಾರ್ತಿ 2011ರಲ್ಲಿ, ತನ್ನ ತೊಂಬತ್ತೊಂದನೆಯ ವಯಸ್ಸಿನಲ್ಲಿ ಬರೆದದ್ದು. ಎಲಿಜಬೆತ್ ಲಗ್ನವಾಗಿ ಆರು ವರ್ಷ ಆಗಿದೆ. ಎರಡು ಗಂಡು ಮಕ್ಕಳು. ನಾಳೆ ವಾಡೆಯಲ್ಲಿ ದೊಡ್ಡ ಕುಣಿತದ ಕೂಟ. ಇವತ್ತು ರಾತ್ರಿ ಮಳೆಗಾಳಿಯಲ್ಲಿ ಸಣ್ಣ ತಂಗಿ ಲಿಡಿಯಾ ಬಂಡಿಯಿಂದ ಇಳಿದು, ನನ್ನ ಗಂಡನನ್ನು ಯಾರೋ ಕೊಂದರು ಅಂತ ಚೀರುತ್ತಾಳೆ.

ಕಾಕೂಗೆ ಖುಷಿಯೋ ಖುಷಿ. ಯಾರು ಸತ್ತರು, ಯಾರು ಕೊಂದರು, ಅಂವ ಅಲ್ಲ ಇಂವ, ನಾಲ್ಕು ದಿನ ಅದೇ. ವೈನಿ ಮಾತ್ರ ಸುಮ್ಮನಿದ್ದರು. ಕಡೆಗೆ ಹುಡುಗಿಯೇ ಕೇಳಿದಳು, "ಯಾಕವಾ, ಛಲೋ ಇಲ್ಲೇನು?"

"ಕೊಲಿ ಛಲೋ ಅದ. ಆದ್ರ ಅಕಿ ಎಲ್ಲಿದ್ದಾಳ?"

"ಯಾರು?"

"ಎಲಿಜಬೆತ್. ಮೊದಲಿನ ಪುಸ್ತಕದಾಗ ಎಷ್ಟ ಮಾತಾಡ್ತಿದ್ಲು! ಇದರಾಗ ಬರೇ ಅಡಿಗಿಯವರಿಗೆ, ಆಳಿಗೆ ಹೇಳೂದೇ ಆತು."

"ಎರಡು ಮಕ್ಕಳಾದ ಮ್ಯಾಲ ಮಾತಾಡಾಕ ಪುರಸೊತ್ತ ಬೇಕಲ್ಲ" ಅಂದರು ಕಾಕೂ.

"ಅದನ್ನ ಹೇಳಾಕ ಪುಸ್ತಕ ಯಾಕ ಬೇಕ್ರಿ? ಲಗ್ನ ಆದ ಮ್ಯಾಲ ಏನ ಆಗ್ತದಂತ ನಮಗ ಗೊತ್ತಿಲ್ಲೇನು?" ಎಂದು ವೈನಿ ಕೆಳಗಿನ ಮನೆಯ ಕಡೆ ಒಮ್ಮೆ ನೋಡಿದರು. ಅಲ್ಲಿ ನಮ್ಮಣ್ಣ ಊಟ ಮಾಡಿ ಮಲಗಿದ್ದ. ಅವನ ಗೊರಕೆ ಮಾಳಿಗೆಯ ತನಕ ಬರುತ್ತಿತ್ತು.

ನಾನು ಕಾಗೆ ಓಡಿಸುವ ನೆಪದಲ್ಲಿ ಎದ್ದೆ. ಆದರೆ ವೈನಿಯ ಮಾತು ತಲೆಯಲ್ಲಿ ಕೂತಿತು. ಪ್ರೇಮದ ಕಾದಂಬರಿ ಓಡುವುದೇ ಆಗುತ್ತದೋ ಇಲ್ಲವೋ ಅನ್ನುವ ಕಳವಳದ ಮೇಲೆ. ಲಗ್ನ ಆದ ಕೂಡಲೇ ಆ ಎಣ್ಣೆ ತೀರುತ್ತದೆ. ಮುಂದಿನ ಭಾಗ ಬರೆಯುವವರು ಹೊರಗಿನಿಂದ ಹೊಸ ಎಣ್ಣೆ ತರಲೇಬೇಕು. ಒಬ್ಬರು ಕೊಲೆ ತರುತ್ತಾರೆ. 2009ರಲ್ಲಿ ಒಬ್ಬ ಆಸ್ಟೆನ್ ಬರೆದ ಮೂಲ ಪುಸ್ತಕದೊಳಗೇ ನಡೆದಾಡುವ ಹೆಣಗಳನ್ನು ನುಗ್ಗಿಸಿದ. ಅದು ಬಿಸಿ ದೋಸೆಯ ಹಾಗೆ ಖರ್ಚಾಯಿತು. ಅದರ ಮಾತು ಎತ್ತಿದ್ದಕ್ಕೇ ಅವ್ವ "ಸಂಜೀ ಹೊತ್ತಿನಾಗ ಅದೆಲ್ಲ ಬ್ಯಾಡ" ಅಂದಳು.

ಜೇಮ್ಸ್ ಮುದುಕಿಯ ಒಂದು ಮಾತು ನನಗೆ ಹಿಡಿಸಿತು. ಪುಸ್ತಕದ ಮೊದಲಿಗೆ ಆಸ್ಟೆನ್‌ಳ ಆತ್ಮಕ್ಕೆ ಕ್ಷಮೆ ಕೇಳಿದ್ದಾಳೆ. ಅದಕ್ಕೆ ಆಸ್ಟೆನ್ ಏನು ಉತ್ತರ ಕೊಡಬಹುದು ಅನ್ನುವುದನ್ನೂ ಆಕೆಯೇ ಬರೆದಿದ್ದಾಳೆ: ಇಂಥ ಹೊಲಸು ವಿಷಯ ಬರೆಯುವ ಮನಸ್ಸಿದ್ದಿದ್ದರೆ ಈ ಕಥೆ ನಾನೇ ಬರೆಯುತ್ತಿದ್ದೆ, ಮತ್ತು ನಿನಗಿಂತ ಚೆನ್ನಾಗಿ ಬರೆಯುತ್ತಿದ್ದೆ. ವಿಮರ್ಶಕರಿಗೆ ಹೇಳಲು ಏನೂ ಉಳಿಸಲಿಲ್ಲ, ಜಾಣೆ.

ಆಮೇಲೆ ಅಮೆರಿಕಾದ 'ಗಾನ್ ವಿತ್ ದಿ ವಿಂಡ್' ಸರದಿ. ಪುಸ್ತಕ ಗಾತ್ರದಲ್ಲಿ ನಮ್ಮ ಹಪ್ಪಳದ ಡಬ್ಬಿಯಷ್ಟಿತ್ತು. ಹುಡುಗಿ ಎರಡೇ ಮಧ್ಯಾಹ್ನದಲ್ಲಿ ಮುಗಿಸಿದಳು. ಕೊನೆಗೆ ಗಂಡ ರೆಟ್ ಸ್ಕಾರ್ಲೆಟ್‌ಳನ್ನು ಬಿಟ್ಟು ಹೋಗುತ್ತಾನೆ. ಅವಳು ನಾಳೆ ನೋಡೋಣ ಅಂತ ಕೂರುತ್ತಾಳೆ. 1936ರಲ್ಲಿ ಪುಸ್ತಕ ಬಂದಾಗಿನಿಂದ ಓದುಗರು ಮಾರ್ಗರೆಟ್ ಮಿಚೆಲ್‌ಳ ಬೆನ್ನು ಹತ್ತಿದರು, ಅವರು ಮತ್ತೆ ಒಂದಾಗುತ್ತಾರಾ ಅಂತ. ನನಗೂ ಗೊತ್ತಿಲ್ಲ ಅಂತ ಆಕೆ ಹೇಳುತ್ತಲೇ ಬಂದಳು. ಮುಂದಿನ ಭಾಗ ಬರೆಯಲಿಲ್ಲ, 1949ರಲ್ಲಿ ತೀರಿಕೊಂಡಳು. ಅವಳ ಹಕ್ಕುದಾರರು ಒಪ್ಪಿಗೆ ಕೊಟ್ಟು ಅಲೆಕ್ಸಾಂಡ್ರಾ ರಿಪ್ಲಿಯಿಂದ ಬರೆಸಿದ 'ಸ್ಕಾರ್ಲೆಟ್' 1991ರಲ್ಲಿ ಬಂತು. ಅದರಲ್ಲಿ ಸ್ಕಾರ್ಲೆಟ್ ಐರ್ಲೆಂಡಿಗೆ ಹೋಗುತ್ತಾಳೆ, ಕೊನೆಗೆ ಇಬ್ಬರೂ ಕೂಡುತ್ತಾರೆ. ವಿಮರ್ಶಕರು ಉಗಿದರು, ಜನ ಮುಗಿಬಿದ್ದು ಕೊಂಡರು.

ನಾನು ವಿಮರ್ಶಕರ ಕಡೆ. ಬಿಟ್ಟು ಹೋದವನು ಬಿಟ್ಟು ಹೋದ. ಅದರಲ್ಲೇ ಆ ಕಥೆಯ ಕಸುವು ಇರುವುದು ಅಂತ ದೊಡ್ಡದಾಗಿ ಹೇಳಿದೆ. ಕಾಕೂ ನನ್ನ ಕಡೆ ತಿರುಗಿದರು.

"ಕೂಡಸಬೇಕ್ರಿ. ಐವತ್ತೈದು ವರ್ಷ ಮಂದೀನ ಹಂಗ ಕೂಡ್ರಸ್ತಾರೇನು?"

ಕಾಕೂ ಒಬ್ಬರೇ ಇರುತ್ತಾರೆ. ಗಂಡ ಮುಂಬೈಗೆ ಹೋಗಿ ಬಹಳ ವರ್ಷ ಆಯಿತು ಅಂತ ಓಣಿಗೆಲ್ಲ ಗೊತ್ತು, ಯಾರೂ ಕೇಳುವುದಿಲ್ಲ. ನಾನು ಹಪ್ಪಳ ತಿರುವಿ ಹಾಕಲು ಬಿಸಿಲಿಗೆ ಹೋದೆ. ಆಗಲೇ ತಿರುವಿದ್ದನ್ನೇ ಮತ್ತೆ ತಿರುವಿದೆ.

ಮಾರನೆಯ ದಿನ ಹುಡುಗಿ 'ಜೇನ್ ಐರ್' ಕಥೆ ಎತ್ತಿದಳು, 1847ರದು. ಅದರಲ್ಲಿ ಸಾಹೇಬನ ಅಟ್ಟದ ಮೇಲೆ ಮೊದಲ ಹೆಂಡತಿಯನ್ನು ಕೂಡಿ ಹಾಕಿರುತ್ತಾರೆ. ಹುಚ್ಚಿ ಅಂತ. ಅವಳು ಮನೆಗೆ ಬೆಂಕಿ ಹಚ್ಚಿ ಸಾಯುತ್ತಾಳೆ. ನಾಯಕಿಗೆ ದಾರಿ ಸಾಫ್ ಆಗುತ್ತದೆ. ಮೂವರೂ ಹೆಂಗಸರು ಅದನ್ನು ಕೇಳಿ ನಾಯಕಿಗಾಗಿ ಸಂತೋಷಪಟ್ಟರು, ನಾನೂ ಪಟ್ಟೆ. ಮರುದಿನ ಹುಡುಗಿ ಇನ್ನೊಂದು ಪುಸ್ತಕ ತೆಗೆದಳು. ವೆಸ್ಟ್ ಇಂಡೀಸ್‌ನ ಡೊಮಿನಿಕಾದಲ್ಲಿ ಹುಟ್ಟಿದ ಜೀನ್ ರೀಸ್ 1966ರಲ್ಲಿ, ಎಪ್ಪತ್ತಾರನೆಯ ವಯಸ್ಸಿನಲ್ಲಿ ಹೊರತಂದದ್ದು. ಇದು ಮುಂದಿನ ಕಥೆ ಅಲ್ಲ, ಹಿಂದಿನದು. ಆ ಅಟ್ಟದ ಮೇಲಿನವಳದು. ಅವಳೂ ಆ ಕಡೆಯ ದ್ವೀಪದ ಹುಡುಗಿ, ಆಸ್ತಿ ಇದ್ದವಳು, ಹಸಿರು, ಮಳೆ, ಬಿಸಿಲಿನಲ್ಲಿ ಬೆಳೆದವಳು. ಲಗ್ನವಾಗಿ ಬಂದ ಗಂಡ ಅವಳ ಹೆಸರನ್ನೇ ಬದಲಿಸುತ್ತಾನೆ. ಚಳಿಯ ದೇಶಕ್ಕೆ ತಂದು ಅಟ್ಟ ಹತ್ತಿಸುತ್ತಾನೆ.

ಲಟ್ಟಣಿಗೆಯ ಸಪ್ಪಳ ನಿಂತಿತ್ತು. ನಮ್ಮಲ್ಲೂ ಲಗ್ನದ ದಿನ ಅಕ್ಕಿಯ ಮೇಲೆ ಹೊಸ ಹೆಸರು ಬರೆಸುತ್ತಾರೆ. ಅವ್ವನ ತವರಿನ ಹೆಸರು ನನಗೆ ಗೊತ್ತಾದದ್ದು ನಾನು ದೊಡ್ಡವನಾದ ಮೇಲೆ, ಯಾವುದೋ ಹಳೆ ಕಾಗದಪತ್ರದಲ್ಲಿ.

"ನಿನ್ನೆ ನಾವು ಅಕಿನ್ನ ಒಂದ್ಸಲಾನೂ ಕೇಳಲಿಲ್ಲಲ್ಲ" ಅಂದರು ವೈನಿ. ಅಷ್ಟೇ. ಆ ದಿನ ಹಪ್ಪಳ ದಪ್ಪ ದಪ್ಪ ಬಂದವು.

ಇಷ್ಟು ಕೇಳಿ ನನಗೂ ಒಂದು ಅಭಿಪ್ರಾಯ ಬಂತು. ಲಗ್ನವಾದ ಜೋಡಿಯನ್ನು ಮತ್ತೆ ಎಬ್ಬಿಸಬಾರದು, ಮಲಗಿರಲಿ. ಮೂಲೆಯಲ್ಲಿ ಉಳಿದವರನ್ನು ಬೇಕಾದರೆ ಮಾತಾಡಿಸಲಿ. ಅದೂ ಆಗದಿದ್ದರೆ ಮುಂದಿನ ಕಥೆ ಕಟ್ಟೆಯ ಮೇಲೆ ಆಡುವ ಎರಡು ಮಾತಿನಷ್ಟಿರಲಿ. ನಾನೂರು ಪುಟ ಯಾಕೆ? ಇದನ್ನು ಹುಡುಗಿಗೆ ಹೇಳಿದೆ. ಅವಳು ನಕ್ಕು, "ಕಾಕಾ, ಆಸ್ಟೆನ್ ಸ್ವತಃ ಹಂಗs ಮಾಡ್ಯಾಳ" ಅಂದಳು.

ಜೇನ್ ಆಸ್ಟೆನ್‌ಳ ಅಣ್ಣನ ಮಗ ಅವಳ ಜೀವನದ ಬಗ್ಗೆ ಒಂದು ಪುಸ್ತಕ ಬರೆದಿದ್ದಾನೆ. ಮನೆಯವರು ಕೇಳಿದರೆ ಅತ್ತೆ ತನ್ನ ಪಾತ್ರಗಳ ಮುಂದಿನ ಸುದ್ದಿ ಹೇಳುತ್ತಿದ್ದಳಂತೆ, ಊರಿನವರ ಸುದ್ದಿ ಹೇಳಿದ ಹಾಗೆ. ಎಲಿಜಬೆತ್‌ಳ ತಂಗಿ ಕಿಟ್ಟಿಗೆ ಆ ದೊಡ್ಡ ವಾಡೆಯ ಹತ್ತಿರವೇ ಒಬ್ಬ ಪಾದ್ರಿ ಸಿಕ್ಕ. ಸದಾ ಪುಸ್ತಕ ಹಿಡಿದು ಕೂರುತ್ತಿದ್ದ ಮೇರಿಗೆ ಅವ್ವನ ಸೋದರಿಯ ಗಂಡನಾದ ವಕೀಲನ ಕಚೇರಿಯ ಒಬ್ಬ ಗುಮಾಸ್ತನಿಗಿಂತ ಮೇಲಿನವರು ಸಿಗಲಿಲ್ಲ. ಆದರೂ ಆ ಸಣ್ಣ ಊರಿನಲ್ಲಿ ಜಾಣೆ ಅನ್ನಿಸಿಕೊಂಡು ಆರಾಮಾಗಿದ್ದಳು. ಮುಗಿಯಿತು. ಕೊಲೆ ಇಲ್ಲ, ಐರ್ಲೆಂಡ್ ಇಲ್ಲ.

"ಗುಮಾಸ್ತಗಿಂತ ಮ್ಯಾಲಿನವರು ಸಿಗಲಿಲ್ಲ ಅಂದ್ರ?" ಎಂದು ವೈನಿ ನನ್ನ ಕಡೆ ನೋಡಿದರು. "ಗುಮಾಸ್ತರಿಗೆ ಏನಾಗ್ಯದ?"

ಮೂವತ್ತನಾಲ್ಕು ವರ್ಷದ ನೌಕರಿಯಲ್ಲಿ ನನ್ನ ಪರವಾಗಿ ಯಾರಾದರೂ ಮಾತಾಡಿದ್ದು ಅದೇ ಮೊದಲು. ಆ ಖುಷಿಯಲ್ಲಿ ಮೈಮರೆತೆ. ಕಾಗೆ ಎರಡು ಹಪ್ಪಳ ಎತ್ತಿಕೊಂಡು ಹೋಯಿತು.

ರಾತ್ರಿ ನೀರು ಕುಡಿಯಲು ಎದ್ದಾಗ ವೈನಿ ಪಡಸಾಲೆಯಲ್ಲಿ ಫೋನು ಹಿಡಿದು ಕೂತಿದ್ದರು. ಹಾವೇರಿಯ ತಂಗಿಯ ಜೊತೆ ಮಾತು.

"ಹೂಂ, ಅಕೀನ, ಓದ್ಕೋತ ಕೂಡ್ರಾಕಿ, ಮೇರಿ. ಗುಮಾಸ್ತಗ ಕೊಟ್ಟಾರಂತ. ಹುಡುಗ ಭಾಳ ಛಲೋ ಅಂತವಾ. ಅತ್ತಿ ಮನ್ಯಾಗ ಯಾರೂ ಜಾಸ್ತಿ ಮಂದಿ ಇಲ್ಲ. ಒಂದ ಗಂಡು, ಒಂದ ಹೆಣ್ಣು. ಹೆಣ್ಣಿಗೆ ಅಜ್ಜೀ ಹೆಸರ ಇಟ್ಟಾರಂತ..."

ಮಕ್ಕಳು ಎಲ್ಲಿಂದ ಬಂದರು ಅಂತ ನಾನು ಕೇಳಲಿಲ್ಲ. ಕದದ ಹಿಂದೆ ನಿಂತು ಕೇಳಿಸಿಕೊಂಡೆ.