ಒರಿಜಿನಲ್ ಲೆದರ್ ಅಂತೆ, ಹನ್ನೊಂದೇ ತಿಂಗಳಿಗೆ ಸಿಪ್ಪೆ ಎದ್ದೋಯ್ತು

7,200 ರೂಪಾಯಿ ಕೊಟ್ಟು ತಗೊಂಡ, ಬೈಕಿನ ಎರಡೂ ಪಕ್ಕ ನೇತಾಕೋ ಸ್ಯಾಡಲ್ ಬ್ಯಾಗು ಹನ್ನೊಂದು ತಿಂಗಳಿಗೆ ಹಾವು ಪೊರೆ ಬಿಟ್ಟಂಗೆ ಬಿಡ್ತಾ ಇದೆ. ಹೊಟ್ಟೆ ಉರೀತಿದೆ, ಯಾರ ಹತ್ರ ಹೇಳ್ಕೊಳ್ಳಿ.

ನಂದು ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಬೈಕು. ವರ್ಷಕ್ಕೆ ನಾಲ್ಕೈದು ಸಲ ಬೆಂಗಳೂರಿಂದ ಚಾರ್ಮಾಡಿ ಘಾಟಿ ಇಳಿದು ಉಜಿರೆಗೆ ಹೋಗ್ತೀನಿ, ಅಕ್ಕನ ಮನೆ ಅಲ್ಲಿದೆ. ಅಷ್ಟು ದೂರ ಬೆನ್ನಿಗೆ ಬ್ಯಾಗ್ ಹಾಕ್ಕೊಂಡು ಓಡ್ಸಿದ್ರೆ ಭುಜ ಬಿದ್ದೋಗುತ್ತೆ, ಅದಕ್ಕೆ ದುಡ್ಡು ಜಾಸ್ತಿ ಆದ್ರೂ ಪರವಾಗಿಲ್ಲ, ಹತ್ತು ವರ್ಷ ಬಾಳೋ ಚರ್ಮದ್ದೇ ತಗೋಳೋಣ ಅಂತ ಒಂದು ಶನಿವಾರ ಪೂರ್ತಿ ಜೆ.ಸಿ. ರೋಡಲ್ಲಿ ಅಂಗಡಿ ಅಂಗಡಿ ಅಲೆದೆ. ಹೋದಲ್ಲೆಲ್ಲಾ ಒಂದೇ ಮಾತು, "ಒರಿಜಿನಲ್ ಲೆದರ್ ಸಾರ್". ಹಸು ತೊಗಲಾ ಎಮ್ಮೆ ತೊಗಲಾ, ಎಷ್ಟು ಮಿಲಿಮೀಟರ್ ದಪ್ಪ, ಮೇಲ್ಪದರದ್ದಾ ಇಲ್ಲಾ ಒಳಪದರ ಸೀಳಿ ಮೇಲೆ ಪಿಯು ಅನ್ನೋ ಪ್ಲಾಸ್ಟಿಕ್ ಲೇಪ ಬಳಿದಿರೋದಾ ಅಂತ ಕೇಳಿದ್ರೆ ಯಾರಿಗೂ ಉತ್ತರ ಗೊತ್ತಿಲ್ಲ. ಕೊನೆಗೆ ಒಬ್ಬ ಬ್ಯಾಗ್ ತಂದು ಮೂಗಿಗೇ ಹಿಡಿದ, ವಾಸನೆ ನೋಡಿ ಸಾರ್ ಅಂದ. ಚರ್ಮದ ವಾಸನೆ ಘಮ್ ಅಂತಿತ್ತು. ಮೇಲೆ ಜೆನ್ಯೂನ್ ಲೆದರ್ ಅಂತ ಅಚ್ಚೊತ್ತಿದ ಟ್ಯಾಗು ಬೇರೆ ನೇತಾಡ್ತಿತ್ತು. ನಂಬಿದೆ.

ಫಿಟ್ಟಿಂಗ್ ಕಥೆ ಇನ್ನೊಂದು. ಎಡಗಡೆ ಸ್ಯಾರಿ ಗಾರ್ಡ್ ಇರೋದ್ರಿಂದ ಬ್ಯಾಗು ಚಕ್ರಕ್ಕೆ ತಾಗಲ್ಲ, ಬಲಗಡೆ ಕೆಳಗೆ ಸೈಲೆನ್ಸರ್ರು, ಅಲ್ಲಿ ಬ್ಯಾಗು ಸೈಲೆನ್ಸರ್‌ಗೆ ತಾಗದಂಗೆ ತಡೆಯೋ ಕಬ್ಬಿಣದ ಸ್ಟೇ ಹಾಕ್ಲೇಬೇಕು. ಅದನ್ನ ಮಾರೋವಾಗ ಹೇಳ್ಬೇಕು ತಾನೆ? ಬೇಡ ಸಾರ್ ಆರಾಮಾಗಿ ಕೂರುತ್ತೆ ಅಂದ, ಹಾಸನ ದಾಟೋಷ್ಟ್ರಲ್ಲಿ ತಳ ಸುಟ್ಟು ಕರಕಲು.

ಜುಲೈಲಿ ಕೊಟ್ಟಿಗೆಹಾರದಿಂದ ಕೆಳಗೆ ಹೆಂಗೆ ಮಳೆ ಹೊಡಿಯುತ್ತೆ ಅಂತ ಆ ಕಡೆ ಓಡಾಡೋರಿಗೆ ಗೊತ್ತು. ಅಕ್ಕನ ಮನೇಲಿ ಬ್ಯಾಗ್ ತೆಗೆದ್ರೆ ಬಟ್ಟೆಗೆಲ್ಲಾ ಕಪ್ಪು ಬಣ್ಣ, ಅಕ್ಕನಿಗೆ ಅಂತ ಒಯ್ದಿದ್ದ ಸೀರೆ ಅಂಚಿಗೂ ಹತ್ತಿತ್ತು. ಆಮೇಲೆ ಮುಚ್ಚಳ ಮಡಚೋ ಜಾಗದಲ್ಲಿ ಬಿರುಕು ಬಿಡ್ತು. ಉಗುರಲ್ಲಿ ಹಿಂಗಂದೆ ಅಷ್ಟೇ, ಕಾಸಗಲ ಸಿಪ್ಪೆ ಕೈಗೆ ಬಂತು, ಕೆಳಗೆ ಬಿಳೀ ಬಟ್ಟೆ ಜಾಲರಿ.

ಆದ್ರೂ ಮನಸ್ಸು ಒಪ್ಪಲಿಲ್ಲ ನೋಡಿ. ನಮ್ಮ ಬಸ್ ಸ್ಟಾಪ್ ಹತ್ರ ಚಪ್ಪಲಿ ಹೊಲಿಯೋ ಯಜಮಾನ್ರ ಹತ್ರ ತಗೊಂಡೋದೆ. ಅವ್ರು ರಂಪಿಗೆ ತಗೊಂಡು ಅಂಚಿಂದ ಒಂದು ಚೂರು ಕುಯ್ದು ಬೆಂಕಿಕಡ್ಡಿ ಹಿಡಿದ್ರು. ಪ್ಲಾಸ್ಟಿಕ್ ಥರ ಮುದುಡಿ ಕರಗ್ತು. ಆಮೇಲೆ ಆ ಟ್ಯಾಗಿನ ಮೂಲೆ ಸುಟ್ರು, ಕೂದಲು ಸುಟ್ಟ ವಾಸನೆ ಬಂತು. "ಇದೊಂದೇ ತೊಗಲು ಸ್ವಾಮಿ, ಮಿಕ್ಕಿದ್ದೆಲ್ಲಾ ಬಟ್ಟೆ ಮೇಲೆ ಬಣ್ಣ ಬಳಿದವ್ರೆ" ಅಂದ್ರು. ಮೈಯೆಲ್ಲಾ ಉರಿದೋಯ್ತು.

ರೆಕ್ಸಿನ್ ಮಾರೋದು ತಪ್ಪು ಅಂತಿಲ್ಲ ನಾನು. ರೆಕ್ಸಿನ್ ಅಂತ ಹೇಳಿ ಮಾರ್ಲಿ, ಅದ್ರ ರೇಟಿಗೆ ಕೊಡ್ಲಿ, ರೈನ್ ಕವರ್ ಹಾಕ್ಕೊಂಡು ಓಡಾಡ್ತೀನಿ. ಆದ್ರೆ ಹದ ಮಾಡೋದೇ ಜೀವನ ಮಾಡ್ಕೊಂಡಿರೋ ಜನ ನಮ್ಮಲ್ಲೇ ಇದಾರಲ್ರೀ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಜಿಐ ಟ್ಯಾಗ್, ಅಂದ್ರೆ ಇದು ಈ ಊರಿನದ್ದೇ ಅನ್ನೋ ಸರ್ಕಾರಿ ಗುರುತು, ಸಿಕ್ಕಾಗ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಸೇರಿದ್ವು. ಅಲ್ಲಿ ಜಾಲಿ ತೊಗಟೆ, ಅಳಲೆಕಾಯಲ್ಲಿ ವಾರಗಟ್ಟಲೆ ನೆನೆಹಾಕಿ ಹದ ಮಾಡಿದ ತೊಗಲು ಹಾಕಿ ಹೊಲಿದ ಜೋಡಿಗೆ ನಾವು ಚೌಕಾಸಿ ಮಾಡ್ತೀವಿ, ಇಲ್ಲಿ ಸುಳ್ಳು ಟ್ಯಾಗ್ ನೇತಾಕಿದವನಿಗೆ ಕೇಳಿದಷ್ಟು ಎಣಿಸ್ತೀವಿ. ಅವ್ರ ಹೆಸರು ತಿಂದು ಇವ್ರು ಬದುಕ್ತಿದಾರೆ, ನನ್ ದುಡ್ಡಿಗಿಂತ ಅದೇ ಜಾಸ್ತಿ ಸಂಕಟ.

ಅಂಗಡಿಗೆ ಹೋಗಿ ಕೇಳಿದ್ದಕ್ಕೆ ಏನಂದ ಗೊತ್ತಾ? "ಮಳೇಲಿ ನೆನೆಸಿದ್ರೆ ಯಾವ ಲೆದರ್ ಆದ್ರೂ ಹಿಂಗೇ ಸಾರ್, ನೀವು ಮೆಂಟೇನ್ ಮಾಡಿಲ್ಲ." ಹನ್ನೊಂದು ತಿಂಗಳು ಪ್ರತಿ ಭಾನುವಾರ ಕೂತು ಆ ಬಟ್ಟೆಗೆ ಲೆದರ್ ವ್ಯಾಕ್ಸ್ ತಿಕ್ಕಿದೀನಿ ಕಣ್ರೀ! ಬಿಲ್ ತೋರ್ಸಿದೆ. ಆಗ ನಾನೂ ಸರಿಯಾಗಿ ನೋಡಿದೆ, ಬಿಲ್ಲಲ್ಲಿ ಬರೆದಿರೋದು "ಸೈಡ್ ಬ್ಯಾಗ್ 1 ಜೊತೆ" ಅಂತ ಅಷ್ಟೇ. ಲೆದರ್ ಅನ್ನೋ ಪದಾನೇ ಇಲ್ಲ.